ಜೆರಾಕ್ಸಿಗೆ ಅವತ್ತೇ ತಕರಾರು ತೆಗೀಲಿಲ್ವಾ? ಅಪೀಲಲ್ಲಿ ಕಷ್ಟ ಇದೆ

ಎಲ್ರಿಗೂ ನಮಸ್ಕಾರ, ಹಾಸನದಿಂದ ಮಾತಾಡ್ತಿದೀನಿ. ಇಲ್ಲಿ ಕೋರ್ಟ್ ಹತ್ರ ಟೀ ಕುಡೀತಾ ನಿಂತ್ರೆ ಒಂದು ಮಾತು ಕಿವಿಗೆ ಬೀಳ್ತಾನೇ ಇರುತ್ತೆ, "ಇಲ್ಲಿ ಹೋದ್ರೆ ಹೋಗ್ಲಿ ಬಿಡ್ರಿ, ಬೆಂಗಳೂರಲ್ಲಿ ನೋಡ್ಕೊಳೋಣ". ತೋಟದ ಸಿಲ್ವರ್ ಮರ ಕಡ್ಸಿ ಮಾರಿ ಅಪೀಲಿಗೆ ದುಡ್ಡು ಹೊಂದಿಸೋರಿದಾರೆ, ಅವ್ರಿಗೋಸ್ಕರನೇ ಈ ವಿಡಿಯೋ. ಅಪೀಲಲ್ಲಿ ಕೇಸು ಹೊಸದಾಗಿ ಶುರು ಆಗಲ್ಲ, ಇಲ್ಲಿಂದ ಹೋದ ಫೈಲಲ್ಲಿ ಏನಿದೆಯೋ ಅದನ್ನೇ ನೋಡೋದು.

ಉದಾಹರಣೆಗೆ, ಸಕಲೇಶಪುರ ಕಡೆ ಎರಡು ಎಕರೆ ಕಾಫಿ ತೋಟ, ಅಣ್ಣ ತಮ್ಮಂದ್ರ ದಾವಾ ಅಂತಿಟ್ಕೊಳಿ. ಅಣ್ಣ ಕಟಕಟೆ ಹತ್ತಿ ಒಂದು ಪತ್ರದ ಜೆರಾಕ್ಸ್ ಕೊಡ್ತಾನೆ, ಒರಿಜಿನಲ್ ಎಲ್ಲಪ್ಪಾ ಅಂತ ಯಾರೂ ಕೇಳಲ್ಲ, ತಮ್ಮನ ಕಡೆಯವ್ರು ಸುಮ್ನೆ ಕೂತಿರ್ತಾರೆ, ಅದು ನಿಶಾನೆ ಪಿ-3, ಅಂದ್ರೆ ವಾದಿಯಾದ ಅಣ್ಣನ ಕಡೆಯ ಮೂರನೇ ದಾಖಲೆ ಅಂತ ಗುರುತಾಗೋಗುತ್ತೆ. ಸೋತ್ಮೇಲೆ ಅಪೀಲಲ್ಲಿ "ಅದು ಬರೀ ಜೆರಾಕ್ಸು ಸ್ವಾಮಿ" ಅಂದ್ರೆ, ಅವತ್ತು ಯಾಕೆ ಹೇಳ್ಲಿಲ್ಲ ಅಂತಾರೆ. ನ್ಯಾಯವಾಗೇ ಇದೆ ಅದು, ಅವತ್ತೇ ಕೇಳಿದ್ರೆ ಅಣ್ಣ ಒರಿಜಿನಲ್ ತರ್ತಿದ್ನೋ ಏನೋ, ಆ ಅವಕಾಶ ಕೊಡ್ಲಿಲ್ವಲ್ಲ. 2003ರಲ್ಲಿ ವೆಂಕಟಾಚಲ ಗೌಂಡರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆ ದಾಖಲೆ ಸಾಕ್ಷ್ಯಕ್ಕೇ ಬರೋ ಹಾಗಿಲ್ಲ ಅನ್ನೋಂಥದಾದ್ರೆ ಮಾತು ಬೇರೆ, ಅದನ್ನ ಆಮೇಲೂ ಎತ್ತಬಹುದು.

ಛಾಪಾ ಶುಲ್ಕದ ವಿಷ್ಯ ಇನ್ನೂ ಬಿಗಿ. ಕರ್ನಾಟಕ ಸ್ಟಾಂಪ್ ಕಾಯ್ದೆ 1957, ಸೆಕ್ಷನ್ 35, ಒಂದ್ಸಲ ಸಾಕ್ಷ್ಯಕ್ಕೆ ತಗೊಂಡ್ಮೇಲೆ ಸ್ಟಾಂಪ್ ಕಮ್ಮಿ ಅಂತ ಅದೇ ಕೇಸಲ್ಲಿ ಮತ್ತೆ ತಕರಾರು ತೆಗಿಯಂಗಿಲ್ಲ.

ಇನ್ನೊಂದು, ತಕರಾರನ್ನ ಬಾಯಲ್ಲಿ ಹೇಳಿದ್ರೆ ಸಾಲದು. ಸಾಕ್ಷಿ ಹೇಳಿಕೆ ಟೈಪ್ ಆಗ್ತಿರುವಾಗ ಈ ಸಾಲು ಬರ್ಲೇಬೇಕು.

[ಸ್ಕ್ರೀನ್ ಮೇಲೆ: "ಪ್ರತಿವಾದಿ ವಕೀಲರ ಆಕ್ಷೇಪಣೆಗೆ ಒಳಪಟ್ಟು ನಿ.ಪಿ.3 ಎಂದು ಗುರುತಿಸಲಾಯಿತು"]

ಬರೆಸಿದ್ಮೇಲೂ ಎಷ್ಟೋ ಜನ ಕೊನೇ ವಾದದಲ್ಲಿ ಅದನ್ನ ಮರ್ತೇ ಬಿಡ್ತಾರೆ, ಜಡ್ಜ್ ತೀರ್ಪಲ್ಲಿ ಆ ಬಗ್ಗೆ ಒಂದಕ್ಷರ ಇರಲ್ಲ, ಆಮೇಲೆ ಅಪೀಲಲ್ಲಿ ಹಿಡ್ಕೊಳಕ್ಕೆ ಏನಿರುತ್ತೆ ಹೇಳಿ. ಅಪೀಲು ಅರ್ಜೀಲೂ ಅದನ್ನ ಒಂದು ಕಾರಣವಾಗಿ ಬರೀಬೇಕು, ಬರೀದೆ ಇದ್ದದ್ದನ್ನ ಕೋರ್ಟಿನ ಅನುಮತಿ ಇಲ್ದೆ ವಾದ ಮಾಡಕ್ಕಾಗಲ್ಲ, ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆ, ಆರ್ಡರ್ 41 ರೂಲ್ 2. ಟೈಮು ಜಿಲ್ಲಾ ಕೋರ್ಟಿಗಾದ್ರೆ 30 ದಿನ, ಹೈಕೋರ್ಟಿಗಾದ್ರೆ 90. ಎರಡನೇ ಅಪೀಲಿಗೆ ಹೋದ್ರಂತೂ ಸೆಕ್ಷನ್ 100, ಕಾನೂನಿನ ಗಂಭೀರ ಪ್ರಶ್ನೆ ಇದ್ರೆ ಮಾತ್ರ ಒಳಗೆ ಬಿಡೋದು.

ಅದಕ್ಕೇ ಹೇಳೋದು, ಸಾಕ್ಷಿ ವಿಚಾರಣೆ ಆದ ವಾರನೇ ಹೇಳಿಕೆಯ ಸರ್ಟಿಫೈಡ್ ಕಾಪಿ ತಗೊಂಡು ಮನೇಲಿ ಕೂತು ಓದಿ. ನಿಮ್ಮ ವಕೀಲ್ರು ಎದ್ದು ನಿಂತು ಹೇಳಿದ್ದು ಅದರಲ್ಲಿ ಇಲ್ಲಾಂದ್ರೆ ತಕ್ಷಣ ಅವ್ರಿಗೆ ತೋರ್ಸಿ, ಮುಂದಿನ ವಾಯ್ದೆಲೇ ಮೆಮೊ, ಅಂದ್ರೆ ಕೋರ್ಟಿಗೆ ಕೊಡೋ ಚಿಕ್ಕ ಲಿಖಿತ ಟಿಪ್ಪಣಿ, ಹಾಕ್ಸಿ.