ಮಿಷನ್ ಬಂಗಲೆಯ ಒಳಮನೆ

ಕೇಳುಗರಿಗೆ ನಮಸ್ಕಾರ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಎಂದರೆ ಕರಾವಳಿಯವರಿಗೆ ಹಂಚಿನ ಕಾರ್ಖಾನೆ ನೆನಪಾಗುತ್ತದೆ. ಧಾರವಾಡದ ಕಡೆಯವರಿಗೆ ಶಾಲೆ ನೆನಪಾಗುತ್ತದೆ. ಕನ್ನಡ ಓದುವವರಿಗೆಲ್ಲ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರ ಕಿಟೆಲ್ ನಿಘಂಟು ನೆನಪಾಗುತ್ತವೆ. ಆ ಕೆಲಸಗಳ ಬಗ್ಗೆ ನಾವು ಸಾಕಷ್ಟು ಕೇಳಿದ್ದೇವೆ. ಅವುಗಳ ಹಿಂದೆ ಒಂದು ಮನೆಯೂ ಇತ್ತು. ಆ ಮನೆಯಲ್ಲಿ ಹೆಂಡತಿ ಇದ್ದಳು, ಮಕ್ಕಳಿದ್ದರು, ಆಯಾ ಇದ್ದಳು. ಅವರ ಬದುಕು ಹೇಗಿತ್ತು? ಇಂದು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಹೆಬಿಕ್, ಲೆನರ್, ಗ್ರೈನರ್ ಅವರ ಹೆಸರುಗಳು. ಇಂಥ ತರುಣರು ತಮಗೆ ಬೇಕೆಂದಾಗ ಮದುವೆಯಾಗುವಂತಿರಲಿಲ್ಲ. ಕೆಲವು ವರ್ಷ ದುಡಿದು ತೋರಿಸಬೇಕು, ಆಮೇಲೆ ಬಾಸೆಲಿನ ಸಮಿತಿಗೆ ಬರೆದು ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕಿದರೆ ಹೆಣ್ಣು ಹುಡುಕುವ ಕೆಲಸ ಊರಿನಲ್ಲಿ ನಡೆಯುತ್ತಿತ್ತು. ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಯಾವುದೋ ಹಳ್ಳಿಯ, ದೇವರ ಭಯವುಳ್ಳ ಮನೆತನದ ಹುಡುಗಿಯ ಬಗ್ಗೆ ಪಾದ್ರಿಯೋ ಪರಿಚಿತರೋ ಹೇಳುತ್ತಿದ್ದರು. ಅವಳು ಒಪ್ಪಿದರೆ ಹಡಗು ಹತ್ತುತ್ತಿದ್ದಳು. ಎಷ್ಟೋ ವಧುಗಳು ತಮ್ಮ ಗಂಡನ ಮುಖವನ್ನು ಮೊದಲು ನೋಡಿದ್ದು ಭಾರತದ ದಡದಲ್ಲಿ ಇಳಿದ ಮೇಲೆಯೇ. ಹಿರಿಯರು ಗೊತ್ತು ಮಾಡಿದ ವರನನ್ನು ಮಂಟಪದಲ್ಲಿ ಮೊದಲ ಸಲ ಕಂಡ ನಮ್ಮ ಮುತ್ತಜ್ಜಿಯರಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ. ವ್ಯತ್ಯಾಸವೊಂದೇ: ನಮ್ಮವರಿಗೆ ತವರು ಕೆಲವು ಹರದಾರಿ ದೂರದಲ್ಲಿತ್ತು, ಇವರಿಗೆ ಕೆಲವು ತಿಂಗಳ ದೂರದಲ್ಲಿತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕಿಂತ ಮೊದಲು ಬಂದವರು ಆಫ್ರಿಕವನ್ನು ಸುತ್ತಿ ಬರಬೇಕಿತ್ತು, ಇಲ್ಲವೇ ಈಜಿಪ್ಟಿನಲ್ಲಿ ಇಳಿದು ಮರಳುಗಾಡು ದಾಟಿ ಮತ್ತೊಂದು ಹಡಗು ಹಿಡಿಯಬೇಕಿತ್ತು.

ಇಳಿದವಳಿಗೆ ವಿಶ್ರಾಂತಿ ಎಲ್ಲಿಯದು? ಮನೆ ನಡೆಸುವುದರ ಜೊತೆಗೆ ಊರಿನ ಭಾಷೆ ಕಲಿಯಬೇಕು, ಹೆಣ್ಣುಮಕ್ಕಳ ಶಾಲೆ ನೋಡಿಕೊಳ್ಳಬೇಕು, ಅಲ್ಲಿ ಓದು ಮತ್ತು ಹೊಲಿಗೆ ಕಲಿಸಬೇಕು. ಗಂಡ ಮಳೆಯಿಲ್ಲದ ತಿಂಗಳುಗಳಲ್ಲಿ ಹಳ್ಳಿಗಳಿಗೂ ಜಾತ್ರೆಗಳಿಗೂ ಬೋಧನೆಗೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಜೂನ್ ಬಂತೆಂದರೆ ಕರಾವಳಿಯಲ್ಲಿ ಸಮುದ್ರದ ಸಂಚಾರ ನಿಲ್ಲುತ್ತಿತ್ತು. ಬಟ್ಟೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತಿತ್ತು. ಜ್ವರ, ಭೇದಿ ಮನೆಯೊಳಗೆ ಬರುತ್ತಿದ್ದವು. ಇಷ್ಟೆಲ್ಲ ಮಾಡಿದರೂ ಮಿಷನ್ನಿನ ಲೆಕ್ಕದಲ್ಲಿ ಅವಳು ಇಂಥವರ ಪತ್ನಿ, ಅಷ್ಟೆ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ತಲಶ್ಶೇರಿಯ ಹೆರ್ಮನ್ ಗುಂಡರ್ಟ್ ಮಲಯಾಳ ನಿಘಂಟಿನಿಂದ ಪ್ರಸಿದ್ಧರು. ಅವರ ಪತ್ನಿ ಜೂಲಿ ಡುಬುವಾ ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರು ಎಂದು ಎಷ್ಟು ಜನಕ್ಕೆ ಗೊತ್ತು?

ಸಾವು ಈ ಮನೆಗಳಲ್ಲಿ ಅಪರೂಪದ ಅತಿಥಿಯಾಗಿರಲಿಲ್ಲ. ಕಿಟೆಲರು 1860ರಲ್ಲಿ ಪೌಲಿನ್ ಐತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡರು. ತಾಯಿಯಿಲ್ಲದ ಎಳೆಯ ಮಕ್ಕಳನ್ನು ಇಟ್ಟುಕೊಂಡು ಕಿಟೆಲರು ಕನ್ನಡ ಪದಗಳನ್ನು ಕೂಡಿಸುತ್ತ ಹೋದರು. ಮುಂದೆ ಪೌಲಿನ್ ಅವರ ಸಹೋದರಿ ಜೂಲಿ ಆ ಮನೆಗೆ ಬಂದರು. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗರು ಬಹುಕಾಲ ಒಂಟಿಯಾಗಿಯೇ ಇದ್ದವರು. ಅವರ ಬಂಧುವೂ ಜೊತೆಗಾರರೂ ಆಗಿದ್ದ ವೈಗ್ಲೆ 1855ರಲ್ಲಿ ಸತ್ತಾಗ, ವಿಧವೆಯಾದ ಅವರ ಪತ್ನಿಯ ಕೈಯನ್ನು ಮೋಗ್ಲಿಂಗರು ಹಿಡಿದರು; ಆಕೆಯ ಹೆಸರೂ ಪೌಲಿನ್ ಎಂದೇ. ಕೊಡಗಿನ ಕೆಲಸವನ್ನು ಬಿಟ್ಟು 1860ರ ಹೊತ್ತಿಗೆ ಅವರು ಊರಿಗೆ ಹೊರಟದ್ದು ಆಕೆಯ ಆರೋಗ್ಯ ಕೆಟ್ಟಿತೆಂದು. ಕನ್ನಡದ ಆ ಮಹಾ ದುಡಿಮೆಗಾರ ಮತ್ತೆ ಈ ನೆಲಕ್ಕೆ ಬರಲಿಲ್ಲ. ಹೆಂಡತಿಯ ಜೀವ ದೊಡ್ಡದೆಂದು ನಡೆದ ಆ ಮನುಷ್ಯನ ಮೇಲೆ ನನಗಿರುವ ಗೌರವ ಆ ಕಾರಣದಿಂದ ಇನ್ನಷ್ಟು ಹೆಚ್ಚಾಗಿದೆ.

ಇನ್ನು ಮಕ್ಕಳ ಮಾತು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕುವ ಭಾಗ ಇದು.

ಬಂಗಲೆಯಲ್ಲಿ ಹುಟ್ಟಿದ ಮಗು ಆಯಾಳ ಸೊಂಟದ ಮೇಲೆ ಬೆಳೆಯುತ್ತಿತ್ತು. ಅವಳ ಕನ್ನಡವೋ ತುಳುವೋ ಮಲಯಾಳವೋ ಅದರ ಕಿವಿಯನ್ನು ತುಂಬುತ್ತಿತ್ತು. ಆದರೆ ಶಾಲೆಗೆ ಹೋಗುವ ವಯಸ್ಸಾದೊಡನೆ ಮಗುವನ್ನು ಯುರೋಪಿಗೆ ಕಳುಹಿಸಬೇಕೆಂಬುದು ಮಿಷನ್ನಿನ ಕಟ್ಟಳೆ. 1850ರ ದಶಕದಲ್ಲಿ ಇಂಥ ಮಕ್ಕಳಿಗಾಗಿಯೇ ಬಾಸೆಲಿನಲ್ಲಿ ಒಂದು ನಿವಾಸ ತೆರೆದರು. ಆರೇಳು ವರ್ಷದ ಮಗು ಊರಿಗೆ ಹೊರಟ ಯಾರದೋ ಜೊತೆಗೆ ಹಡಗು ಹತ್ತುತ್ತಿತ್ತು. ತಾಯಿ ದಡದಲ್ಲಿ ಉಳಿಯುತ್ತಿದ್ದಳು. ಮತ್ತೆ ಭೇಟಿ ಹತ್ತು ವರ್ಷದ ಮೇಲೆಯೋ, ಇನ್ನೂ ತಡವಾಗಿಯೋ. ನಡುವೆ ಇದ್ದದ್ದು ಕಾಗದ. ಮಗುವಿಗೆ ಜ್ವರ ಬಂದಿದೆ ಎಂಬ ಸುದ್ದಿ ತಾಯಿಯ ಕೈ ಸೇರುವಾಗ ಮಗು ಗುಣವಾಗಿರುತ್ತಿತ್ತು, ಇಲ್ಲವೇ ಮಣ್ಣಾಗಿರುತ್ತಿತ್ತು.

ಈ ಕಟ್ಟಳೆಗೆ ಕೊಡುತ್ತಿದ್ದ ಕಾರಣಗಳಲ್ಲಿ ಹವೆಯ ಭಯ ನಿಜವಾದದ್ದು; ಎಳೆಯ ಮಕ್ಕಳ ಗೋರಿಗಳು ಅದಕ್ಕೆ ಸಾಕ್ಷಿ. ವಿದ್ಯೆಯ ಚಿಂತೆಯೂ ಸಹಜ. ಆದರೆ ಇನ್ನೊಂದು ಕಾರಣವಿತ್ತು: ಇಲ್ಲಿನ ಜನರ ನಡುವೆ ಬೆಳೆದರೆ ಮಕ್ಕಳ ನಡತೆ ಕೆಡುತ್ತದೆ ಎಂಬ ಭಯ. ಎದೆಗೊತ್ತಿ ಸಾಕಿದ ಹೆಂಗಸಿನಿಂದಲೇ ಮಗು ಕೆಡುತ್ತದೆಂದು ತಿಳಿಯುವುದನ್ನು ನಾನು ಯಾವ ಕಾಲದ ಹೆಸರಿನಲ್ಲಿಯೂ ಒಪ್ಪಲಾರೆ.

ಗುಂಡರ್ಟರ ಮಗಳು ಮಾರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಶಾಲೆಯ ವಯಸ್ಸಿಗೆ ಮೊದಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮರಳಿದರು. ಹದಿನೈದರ ಹುಡುಗಿಯಾಗಿ, 1857ರಲ್ಲಿ, ಅವಳು ಮತ್ತೆ ಭಾರತಕ್ಕೆ ಬಂದಾಗ ಹೆತ್ತವರು ಅವಳಿಗೆ ಹೆಚ್ಚುಕಡಿಮೆ ಹೊಸಬರು. ಆ ನೋವು ಉಂಡವಳು ಮುಂದೆ ಮಿಷನರಿಯೊಬ್ಬರನ್ನೇ ಮದುವೆಯಾಗಿ ಭಾರತಕ್ಕೆ ಬಂದಳು, ವಿಧವೆಯಾದಳು, ಬಳಿಕ ಮಂಗಳೂರಿನಲ್ಲಿ ಕೆಲಸ ಮಾಡಿ ಮರಳಿದ್ದ ಯೊಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ 1946ರ ನೊಬೆಲ್ ಪುರಸ್ಕೃತ ಸಾಹಿತಿ ಹೆರ್ಮನ್ ಹೆಸ್ಸೆ. ಭಾರತ ಆ ಹುಡುಗನ ಮನೆಯ ದಿನನಿತ್ಯದ ಮಾತಾಗಿತ್ತು.

1914ರ ಯುದ್ಧ ಈ ಬಂಗಲೆಗಳ ಬಾಗಿಲು ಹಾಕಿಸಿತು. ಜರ್ಮನ್ ಗಂಡಸರನ್ನು ಬ್ರಿಟಿಷ್ ಸರ್ಕಾರ ಶಿಬಿರಗಳಲ್ಲಿ ಕೂಡಿಟ್ಟಿತು. ಅಹಮದ್‌ನಗರದ ಶಿಬಿರ ಅವುಗಳಲ್ಲೊಂದು. ಸಂಸಾರಗಳು ಇದ್ದುದನ್ನು ಇದ್ದಲ್ಲಿಯೇ ಬಿಟ್ಟು ಊರಿಗೆ ಹೋದವು.

ಕೇಳುಗರೇ, ಈ ಸಂಸಾರಗಳ ಕಾಗದಗಳು, ವರದಿಗಳು, ಚಿತ್ರಗಳು ಬಾಸೆಲಿನ ದಫ್ತರದಲ್ಲಿ ಜೋಪಾನವಾಗಿವೆ. ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲಿಯೂ ಮಿಷನ್ನಿನ ದಾಖಲೆಗಳಿವೆ. ಆ ತಾಯಂದಿರು ಏನು ಉಂಡರು, ಏನು ಅತ್ತರು ಎಂಬುದನ್ನು ಹುಡುಕಿದರೆ ಓದಬಹುದು. ಆದರೆ ಮಗು ಹಡಗು ಹತ್ತಿದ ಮೇಲೆ ಖಾಲಿ ಸೊಂಟದಲ್ಲಿ ಮನೆಗೆ ನಡೆದುಹೋದ ಆಯಾ ಕಾಗದ ಬರೆದವಳಲ್ಲ. ಅಡುಗೆಯವನು, ಕನ್ನಡ ಕಲಿಸಲು ಬರುತ್ತಿದ್ದ ಮುನ್ಶಿ, ಟಪಾಲು ಹೊತ್ತವನು, ಇವರ ಕಥೆ ಉಳಿದಿದ್ದರೆ ಅದು ಮಂಗಳೂರು, ಉಡುಪಿ, ಮೂಲ್ಕಿ, ಹುಬ್ಬಳ್ಳಿ, ಬೆಟಗೇರಿಯ ಮನೆಗಳಲ್ಲಿ ಹಿರಿಯರ ಬಾಯಲ್ಲಿ ಮಾತ್ರ. ನಿಮ್ಮ ಮನೆಯ ಅಜ್ಜಿಯ ಅಜ್ಜಿ ಯಾವುದಾದರೂ ಮಿಷನ್ ಬಂಗಲೆಯಲ್ಲಿ ಮಗು ಆಡಿಸಿದ್ದರು ಎಂಬ ಮಾತು ನಿಮ್ಮಲ್ಲಿ ಓಡಾಡುತ್ತಿದ್ದರೆ, ಅವರ ಹೆಸರನ್ನು, ಅವರು ಹಾಡುತ್ತಿದ್ದ ಜೋಗುಳವನ್ನು, ಮಗು ಹೋದ ಮೇಲೆ ಅವರು ಹೇಳಿಕೊಂಡದ್ದನ್ನು ಈ ವಾರವೇ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಬರೆದದ್ದರ ಒಂದು ಪ್ರತಿಯನ್ನು ಹತ್ತಿರದ ಗ್ರಂಥಾಲಯಕ್ಕೆ ಕೊಡಿ.

ನಮಸ್ಕಾರ.