ಮಾತ್ರೆ ಒಂದೇ ಅಲ್ಲ, ತೆಗೆದುಕೊಳ್ಳುವ ಕ್ರಮವೂ ಔಷಧವೇ

ಈಗ ಪರದೆಯ ಮೇಲೆ ಕಾಣುತ್ತಿರುವುದು ವಾರದ ಏಳು ದಿನಕ್ಕೂ ಒಂದೊಂದು ಮನೆಯಿರುವ ನನ್ನ ಮಾತ್ರೆ ಡಬ್ಬಿ. ಅದರಲ್ಲಿ ಬಿಡಿ ಮಾತ್ರೆಗಳಿಲ್ಲ, ಕತ್ತರಿಸಿಟ್ಟ ಸ್ಟ್ರಿಪ್ಪಿನ ತುಂಡುಗಳಿವೆ. ನನಗೆ ಬರೆದುಕೊಟ್ಟಿರುವ ಆಂಟಿಸೈಕೋಟಿಕ್, ಅಂದರೆ ಇಲ್ಲದ ಧ್ವನಿ ಕೇಳಿಸುವುದು, ವಿಪರೀತ ಸಂಶಯ ಮುಂತಾದ ಮನೋರೋಗದ ಲಕ್ಷಣಗಳನ್ನು ತಗ್ಗಿಸುವ ಔಷಧ, ಒಲಾಂಜಪಿನ್, ಅದೂ ಬಾಯಲ್ಲೇ ಕರಗುವ ಬಗೆಯದು. ತೇವ ತಗುಲಿದರೆ ಪುಡಿಯಾಗುವ ಈ ಮಾತ್ರೆಯನ್ನು ಫಾಯಿಲಿನಿಂದ ಒತ್ತಿ ತೆಗೆಯದೆ, ಒಣಗಿದ ಕೈಯಿಂದ ಫಾಯಿಲನ್ನೇ ಸುಲಿದು, ಕೂಡಲೇ ನಾಲಿಗೆಯ ಮೇಲಿಡಬೇಕು.

ತಪ್ಪದೆ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಇದೇ ಗುಂಪಿನ ಬೇರೆ ಔಷಧಗಳಿಗೂ ಅವುಗಳದೇ ಕ್ರಮವಿದೆ. ಲುರಾಸಿಡೋನ್ ಮಾತ್ರೆಯನ್ನು ಕನಿಷ್ಠ 350 ಕ್ಯಾಲೊರಿಯ ಊಟದೊಂದಿಗೆ ತೆಗೆದುಕೊಳ್ಳದಿದ್ದರೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಅಸೆನಪಿನ್ ನಾಲಿಗೆಯ ಕೆಳಗೇ ಕರಗಬೇಕು, ಆಮೇಲೆ 10 ನಿಮಿಷ ನೀರನ್ನೂ ಕುಡಿಯಬಾರದು. ನುಂಗಿಬಿಟ್ಟರೆ ಬಹುಮಟ್ಟಿಗೆ ವ್ಯರ್ಥ. ನಿಧಾನವಾಗಿ ಬಿಡುಗಡೆಯಾಗುವ ಕ್ವೆಟಿಯಪಿನ್ ಮಾತ್ರೆಯನ್ನು ಮುರಿಯಲೂಬಾರದು, ಜಗಿಯಲೂಬಾರದು.

ಬಹಳ ಮಂದಿಗೆ ತಿಳಿಯದ ಸಂಗತಿ ಸಿಗರೇಟಿನದು. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುವುದರಿಂದ ಒಲಾಂಜಪಿನ್ ಮತ್ತು ಅದೇ ಗುಂಪಿನ ಕ್ಲೋಜಪಿನ್ ದೇಹದಿಂದ ಬೇಗ ಹೊರಹೋಗುತ್ತವೆ. ಸೇದುವುದನ್ನು ಬಿಟ್ಟರೆ ಅದೇ ಡೋಸ್ ಕೆಲವೇ ದಿನಗಳಲ್ಲಿ ಹೆಚ್ಚಾಗಿಬಿಡಬಹುದು. ಇದು ನಿಕೋಟಿನ್‌ನ ಕೆಲಸವಲ್ಲ, ಹೊಗೆಯ ಕೆಲಸ. ಹಾಗಾಗಿ ನಿಕೋಟಿನ್ ಗಮ್ ಅಗಿದರೂ ಈ ಲೆಕ್ಕ ಬದಲಾಗದು. ಸಿಗರೇಟು ಬಿಡುವುದು ಖಂಡಿತ ಒಳ್ಳೆಯದೇ, ಆದರೆ ಬಿಡುವ ಮೊದಲು ಮನೋವೈದ್ಯರಿಗೆ ತಿಳಿಸಿ.

ಒಂದು ಹೊತ್ತು ಮರೆತರೆ ಮರುದಿನ ಎರಡು ಮಾತ್ರೆ ನುಂಗಬೇಡಿ. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸಿಗೆ ನೇರವಾಗಿ ಮರಳುವುದು ಅಪಾಯ. ವೈದ್ಯರ ಸಲಹೆಯಂತೆ ಅತಿ ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಬೇಕಾಗುತ್ತದೆ.

ನಿದ್ದೆ ಮೊದಲ ದಿನಗಳಲ್ಲೇ ಬರಬಹುದು, ಆದರೆ ಕಿವಿಯಲ್ಲಿ ಕೇಳುವ ಧ್ವನಿಗಳೂ ಸಂಶಯಗಳೂ ತಗ್ಗಲು ವಾರಗಳೇ ಬೇಕಾಗುತ್ತವೆ. ಗುಣವಾದೆನೆಂದು ಮಾತ್ರೆ ನಿಲ್ಲಿಸಿದವರಿಗೆ ಕಾಯಿಲೆ ಮರುದಿನವೇ ಮರುಕಳಿಸುವುದಿಲ್ಲ. ಎಷ್ಟೋ ಸಲ ತಿಂಗಳುಗಳ ನಂತರ ಬರುವುದರಿಂದ, ನಿಲ್ಲಿಸಿದ್ದೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ.

ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಕೊಬ್ಬು ಇವುಗಳ ತಪಾಸಣೆ ಆಗಾಗ ಆಗುತ್ತಿರಲಿ. ಕುಳಿತಲ್ಲಿ ಕೂರಲಾಗದೆ ಕಾಲು ಅಲುಗಿಸುತ್ತ, ಅತ್ತಿಂದಿತ್ತ ನಡೆಯುತ್ತಲೇ ಇರಬೇಕೆನಿಸುವ ಚಡಪಡಿಕೆಯನ್ನು ಮನೆಯವರು ಕಾಯಿಲೆಯೇ ಹೆಚ್ಚಾಯಿತೆಂದು ತಿಳಿಯುವುದುಂಟು. ಅದು ಮಾತ್ರೆಯ ಅಡ್ಡಪರಿಣಾಮವೂ ಆಗಿರಬಹುದು, ಅದಕ್ಕೆ ಪರಿಹಾರವಿದೆ. ಆದರೆ ವಿಪರೀತ ಜ್ವರದೊಂದಿಗೆ ಮೈ ಬಿಗಿದುಕೊಂಡು, ಬೆವರು ಸುರಿದು, ಮಾತು ಅಸ್ಪಷ್ಟವಾದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ, ಮುಂದಿನ ಡೋಸನ್ನೂ ಕೊಡದೆ, ಸ್ಟ್ರಿಪ್ಪನ್ನು ಜೊತೆಗಿಟ್ಟುಕೊಂಡು ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.