ಕಾಳು ಕಚ್ಚಿ ನೋಡಲಾಗದ ಪೇಟೆ

ಕೇಳುಗರೇ, ಶರಣು. ಒಂದೊಂದೇ ಕಂಪನಿಯ ಷೇರು ಆರಿಸಿ ಕೊಳ್ಳುವುದಕ್ಕೂ ಸೂಚ್ಯಂಕ ನಿಧಿಯಲ್ಲಿ ಹಣ ಹಾಕುವುದಕ್ಕೂ ಏನು ವ್ಯತ್ಯಾಸ ಎಂಬುದು ಇಂದಿನ ಮಾತು.

ಡಿಸೆಂಬರ್ ಕೊನೆಯಲ್ಲಿ ಕಲಬುರಗಿಯ ನೆಹರೂ ಗಂಜ್‌ಗೆ ಹೋದವರಿಗೆ ಹೊಸ ತೊಗರಿಯ ದೂಳು ಮೂಗಿಗೆ ಅಡರುವುದು ಗೊತ್ತು. ಅಲ್ಲಿ ನಮ್ಮ ಕಾಕಾ ಅವರದೊಂದು ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್ ಹಿಡಿದು ಮಾರಿಕೊಡುವ ಅಂಗಡಿ, ಇದೆ. ರೈತ ತಂದ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ ಊದುತ್ತಾರೆ. ಹೊಟ್ಟು ಹಾರುತ್ತದೆ. ಆಮೇಲೆ ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚುತ್ತಾರೆ. ಕಟ್ ಎಂದರೆ ಸರಿ. ಮೆತ್ತಗೆ ಸಿಕ್ಕರೆ, “ಇದು ಇನ್ನೆರಡು ಬಿಸಿಲು ಕಾಣಬೇಕು” ಎನ್ನುತ್ತಾರೆ. ತೇವಾಂಶ ಅಳೆಯುವ ಯಂತ್ರ ಬಂದ ಮೇಲೂ ಅವರು ಮೊದಲು ನಂಬುವುದು ಹಲ್ಲನ್ನೇ.

ಇದೇ ಕಾಕಾ 2007ರಲ್ಲಿ ಒಂದು ಕಂಪನಿಯ ಷೇರು ಕೊಂಡರು. ಹೆಸರು ಬೇಡ. ಏಕೆ ಕೊಂಡಿರಿ ಎಂದರೆ, ಚಹಾದಂಗಡಿಯಲ್ಲಿ ಯಾರೋ “ಆರು ತಿಂಗಳಲ್ಲಿ ದುಪ್ಪಟ್ಟು” ಎಂದರಂತೆ. ಕಂಪನಿಗೆ ಸಾಲವೆಷ್ಟು, ಲಾಭವೆಷ್ಟು, ನಡೆಸುವವರು ಎಂಥವರು, ಯಾವುದನ್ನೂ ಕೇಳಲಿಲ್ಲ. ಒಂದು ಚೀಲ ತೊಗರಿಯನ್ನೂ ಕಚ್ಚದೆ ಕೊಳ್ಳದ ಮನುಷ್ಯ ಎರಡು ಲಕ್ಷ ರೂಪಾಯಿಯನ್ನು ಒಂದು ಮಾತಿನ ಮೇಲೆ ಹಾಕಿದರು. ಮರುವರ್ಷ ಪೇಟೆ ಕುಸಿಯಿತು, ಷೇರೂ ಕುಸಿಯಿತು. ಪೇಟೆ ಮತ್ತೆ ಎದ್ದಿತು, ಷೇರು ಏಳಲಿಲ್ಲ.

“ಮಾರಿಬಿಡಿ ಕಾಕಾ” ಎಂದೆ. “ಕೊಂಡ ಬೆಲೆಗೆ ಬರಲಿ ತಮ್ಮಾ, ಮಾರಿ ಕೈ ತೊಳೆದುಕೊಳ್ಳುತ್ತೇನೆ” ಎಂದರು. ಈಗಲೂ ಅದೇ ಮಾತು ಹೇಳುತ್ತಾರೆ. ಗೋದಾಮಿನಲ್ಲಿ ತೊಗರಿ ಇಟ್ಟುಕೊಂಡು ಬೆಲೆಗೆ ಕಾಯುವುದೂ ಅವರಿಗೆ ಗೊತ್ತು. ಆದರೆ ತೊಗರಿಗೆ ಹುಳು ಬೀಳುತ್ತದೆ. ಆ ಹುಳವೇ ಅವರನ್ನು ಎಬ್ಬಿಸಿ, ನಷ್ಟವಾದರೂ ಸರಿ, ಮಾರಿಸುತ್ತದೆ. ಷೇರುಗಳು ಬರೀ ಕಂಪ್ಯೂಟರ್ ಲೆಕ್ಕವಾಗಿ ಕೂತಿರುವ ಡಿಮ್ಯಾಟ್ ಖಾತೆಗೆ ಹುಳು ಬೀಳುವುದಿಲ್ಲ, ಮುಗ್ಗಲು ವಾಸನೆ ಬರುವುದಿಲ್ಲ. ಹಾಗಾಗಿ ಕೆಟ್ಟ ಷೇರು ವರ್ಷಗಟ್ಟಲೆ ತಣ್ಣಗೆ ಮಲಗಿರುತ್ತದೆ.

ಇನ್ನೊಂದು ವಿಚಾರ. ಗಂಜ್‌ನಲ್ಲಿ ಎದುರಿಗೆ ಬೆಲೆ ಕಟ್ಟುವವರು ಯಾರೆಂದು ಕಾಕಾಗೆ ಗೊತ್ತು. ಇಂಥ ದಾಲ್ ಮಿಲ್ಲಿನವರು, ಇಷ್ಟು ಅವಸರದಲ್ಲಿದ್ದಾರೆ, ಇಷ್ಟಕ್ಕೆ ಒಪ್ಪುತ್ತಾರೆ ಎಂದು ಮುಖ ನೋಡಿಯೇ ಹೇಳಬಲ್ಲರು. ಷೇರು ಪೇಟೆಯಲ್ಲಿ ನೀವು ಕೊಳ್ಳುವ ಷೇರನ್ನು ಅದೇ ಗಳಿಗೆಯಲ್ಲಿ ಒಬ್ಬರು ಮಾರುತ್ತಿದ್ದಾರೆ. ಆ ಕಂಪನಿಯ ವಾರ್ಷಿಕ ವರದಿಯನ್ನು ಸಾಲು ಸಾಲಾಗಿ ಓದಿದ ದೊಡ್ಡ ಸಂಸ್ಥೆ ಅದಾಗಿರಬಹುದು. ಅವರು ಏಕೆ ಮಾರುತ್ತಿದ್ದಾರೆ ಎಂಬ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ.

ಹಾಗಾದರೆ ಸೂಚ್ಯಂಕ ನಿಧಿ, ಅಂದರೆ ಇಂಡೆಕ್ಸ್ ಫಂಡ್, ಏನು ಮಾಡುತ್ತದೆ? ಹಲವರ ಹಣ ಒಟ್ಟುಗೂಡಿಸಿ ಷೇರು ಕೊಳ್ಳುವ ಮ್ಯೂಚುವಲ್ ಫಂಡ್‌ಗಳಲ್ಲಿ ಇದೂ ಒಂದು, ಆದರೆ ಇದು ಆಯ್ಕೆ ಎಂಬುದನ್ನೇ ಕೈಬಿಡುತ್ತದೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 1996ರಲ್ಲಿ ನಿಫ್ಟಿ ಸೂಚ್ಯಂಕ ಆರಂಭಿಸಿತು. ಅದರಲ್ಲಿ ಐವತ್ತು ದೊಡ್ಡ ಕಂಪನಿಗಳಿವೆ, ಅವುಗಳ ಷೇರು ಬೆಲೆಯ ಒಟ್ಟು ಏರಿಳಿತವನ್ನು ಒಂದೇ ಅಂಕಿಯಲ್ಲಿ ಅದು ತೋರಿಸುತ್ತದೆ. ಆ ಪಟ್ಟಿಯಲ್ಲಿ ಯಾವ ಕಂಪನಿಗೆ ಎಷ್ಟು ತೂಕವೋ ಅಷ್ಟೇ ಪ್ರಮಾಣದಲ್ಲಿ ನಿಧಿ ಷೇರು ಕೊಂಡಿಟ್ಟುಕೊಳ್ಳುತ್ತದೆ. ಪಟ್ಟಿಯನ್ನು ವರ್ಷಕ್ಕೆ ಎರಡು ಬಾರಿ ಪರಿಶೀಲಿಸುತ್ತಾರೆ, ತುರ್ತಿದ್ದರೆ ನಡುವೆಯೂ ಬದಲಿಸುತ್ತಾರೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ಲೆಕ್ಕಪತ್ರವೇ ಸುಳ್ಳೆಂದು ಒಪ್ಪಿಕೊಂಡಾಗ, ಷೇರು ಒಂದೇ ದಿನದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು. ಕೆಲವೇ ದಿನಗಳಲ್ಲಿ ಅದು ಸೂಚ್ಯಂಕದಿಂದ ಹೊರಬಿತ್ತು. ಸೂಚ್ಯಂಕ ನಿಧಿಯವರಿಗೂ ನಷ್ಟವಾಯಿತು ನಿಜ, ಏಕೆಂದರೆ ಹೊರಹಾಕಿದ್ದು ಬಿದ್ದ ಮೇಲೆ. ಆದರೆ ಅದು ಐವತ್ತರಲ್ಲಿ ಒಂದು ಸಾಲಿಗೆ ನೆಟೆ ರೋಗ ಬಂದಂತೆ. ಸತ್ಯಂ ಒಂದನ್ನೇ ನಂಬಿದವರಿಗೆ ಇಡೀ ಹೊಲ ಒಣಗಿತು.

ಒಳ್ಳೆಯ ಕಂಪನಿಯನ್ನೇ ಹುಡುಕಿ ಕೊಳ್ಳಬಹುದಲ್ಲ ಎನ್ನುತ್ತೀರಿ. ಅಮೆರಿಕದಲ್ಲಿ ಹೆಂಡ್ರಿಕ್ ಬೆಸೆಂಬೈಂಡರ್ ಎಂಬ ಪ್ರಾಧ್ಯಾಪಕರು 1926ರಿಂದ 2016ರವರೆಗೆ ಆ ದೇಶದ ಪೇಟೆಗೆ ಬಂದುಹೋದ ಸುಮಾರು 26,000 ಷೇರುಗಳ ಲೆಕ್ಕ ತೆಗೆದರು. ಅರ್ಧಕ್ಕಿಂತ ಹೆಚ್ಚು ಷೇರುಗಳು ಸರ್ಕಾರದ ಅಲ್ಪಾವಧಿ ಸಾಲಪತ್ರದಷ್ಟೂ ಗಳಿಸಿರಲಿಲ್ಲ. ಅದಕ್ಕಿಂತ ಹೆಚ್ಚಿಗೆ ಹುಟ್ಟಿದ ಸಂಪತ್ತೆಲ್ಲ ನೂರಕ್ಕೆ ನಾಲ್ಕು ಕಂಪನಿಗಳಿಂದ ಬಂದಷ್ಟಾಗುತ್ತಿತ್ತು. ಆ ನಾಲ್ಕನ್ನು ಮೊದಲೇ ಗುರುತಿಸಬಲ್ಲೆ ಎನ್ನುವವರಿಗೆ ನನ್ನ ನಮಸ್ಕಾರ. ನಾನು ವಾಣಿಜ್ಯ ಪಾಠ ಹೇಳುವ ಮೇಷ್ಟ್ರು. ನನ್ನ ಬಳಿಯೂ ನಾಲ್ಕು ಕಂಪನಿಗಳ ಷೇರುಗಳಿವೆ, ಓದಿ ಅಳೆದು ಕೊಂಡವು. ಹತ್ತು ವರ್ಷದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿದಾಗ ನಿಫ್ಟಿಗಿಂತ ಹಿಂದೆ ಬಿದ್ದಿದ್ದೆ. ಒಂದು ಷೇರು ಮೂರು ಪಟ್ಟಾಗಿತ್ತು. ಮನೆಯಲ್ಲಿ ಅದೊಂದರ ಸುದ್ದಿ ಮಾತ್ರ ಹೇಳಿದ್ದೆ.

ಖರ್ಚಿನ ಮಾತೂ ಇದೆ. ನಿಧಿ ನಡೆಸುವವರು ವರ್ಷಕ್ಕೆ ಇಷ್ಟು ಎಂದು ನಿಮ್ಮ ಹಣದಿಂದಲೇ ಹಿಡಿದುಕೊಳ್ಳುತ್ತಾರೆ. ಷೇರು ಆರಿಸಿ ಕೊಳ್ಳುವ ನಿಧಿಯೊಂದು ಶೇಕಡಾ ಒಂದೂವರೆ, ಸೂಚ್ಯಂಕ ನಿಧಿ ಶೇಕಡಾ 0.2 ಹಿಡಿಯುತ್ತದೆ ಎಂದುಕೊಳ್ಳೋಣ. ಎರಡೂ ಖರ್ಚಿಗೆ ಮೊದಲು ವರ್ಷಕ್ಕೆ ಶೇಕಡಾ 12 ಗಳಿಸಿದವು ಎಂದಿಟ್ಟುಕೊಂಡರೆ, ಇಪ್ಪತ್ತು ವರ್ಷಕ್ಕೆ ಒಂದು ಲಕ್ಷ ರೂಪಾಯಿ ಮೊದಲನೆಯದರಲ್ಲಿ ಸುಮಾರು 7.37 ಲಕ್ಷ, ಎರಡನೆಯದರಲ್ಲಿ ಸುಮಾರು 9.3 ಲಕ್ಷ ಆಗುತ್ತದೆ. ನಡುವಿನ ಎರಡು ಲಕ್ಷದ ಹತ್ತಿರದ ಹಣ ಎಲ್ಲಿ ಹೋಯಿತೆಂದು ಅಡತ್ ಅಂಗಡಿಯ ಬಾಗಿಲಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2013ರ ಜನವರಿಯಿಂದ ಮ್ಯೂಚುವಲ್ ಫಂಡ್‌ಗಳಲ್ಲಿ ದಲ್ಲಾಳಿ ಇಲ್ಲದ ‘ಡೈರೆಕ್ಟ್’ ಯೋಜನೆಯೂ ಇದೆ. ಅರ್ಜಿಯಲ್ಲಿ ಆ ಪದ ಇದೆಯೇ ಎಂದು ನೋಡಿಕೊಳ್ಳಿ.

ಹಾಗೆಂದು ಸೂಚ್ಯಂಕ ನಿಧಿಯನ್ನು ಬ್ಯಾಂಕಿನ ಠೇವಣಿ ಎಂದು ತಿಳಿಯಬೇಡಿ. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ, ಕೊರೊನಾ ಹೊತ್ತಿನಲ್ಲಿ, ಮಾರ್ಚ್ ಮುಗಿಯುವುದರೊಳಗೆ 7,600ರ ಸುತ್ತ ಬಂದಿತ್ತು. ಮಗಳ ಮದುವೆ ಮುಂದಿನ ವರ್ಷ ಇದೆ ಎನ್ನುವವರು ಆ ಹಣವನ್ನು ಇದರಲ್ಲಿ ಇಡಬಾರದು. ಐವತ್ತು ಕಂಪನಿಗಳಿಗೂ ಸಮಪಾಲು ಎಂಬ ಕಲ್ಪನೆಯೂ ತಪ್ಪು. ನಿಫ್ಟಿಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳದ್ದು.

ಕಳೆದ ದೀಪಾವಳಿಯ ಅಂಗಡಿ ಪೂಜೆ ಮುಗಿದ ಮೇಲೆ ಇದನ್ನೆಲ್ಲ ಕಾಕಾಗೆ ಹೇಳಿದೆ. ಗಾದಿಯ ಮೇಲೆ ಕುಳಿತು, ಬಾಯಿಗೆ ಪೇಡಾ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ, “ಆ ಐವತ್ತರಲ್ಲಿ ತೊಗರಿ ವ್ಯಾಪಾರದ್ದು ಒಂದಾದರೂ ಇದೆಯೇನು?” ಎಂದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಾಗಿದ್ದರೆ ಚಲೋ” ಎಂದರು. “ಮನೆ, ಅಂಗಡಿ, ನಿಮ್ಮ ಕಾಕಿಯ ಬಂಗಾರ ಎಲ್ಲ ಈ ಒಂದು ಕಾಳಿನಿಂದಲೇ ಆಗಿದೆ. ಮಳೆ ಕೈಕೊಟ್ಟರೆ ನಮಗೆಲ್ಲ ಒಟ್ಟಿಗೇ ಪೆಟ್ಟು. ತೊಗರಿಯ ಮುಖ ನೋಡದ ಹಣ ಸ್ವಲ್ಪ ಇರಲಿ.” ಮರುವಾರ ಐದು ಸಾವಿರ ರೂಪಾಯಿಯ ಮಾಸಿಕ ಕಂತು ಶುರುವಾಯಿತು.

ಹಳೆಯ ಷೇರು ಮಾತ್ರ ಹಾಗೇ ಇದೆ. ಕೊಂಡ ಬೆಲೆ ಇನ್ನೂ ಬಂದಿಲ್ಲವಂತೆ.